ಫಲ ಸಿಗದ ಸಂಶೋಧನೆಗೆ ಬದುಕು ಕೊಡಬಹುದೇ?

ಬಯೋಟೆಕ್ ಓದಲು ಐರ್ಲೆಂಡಿಗೆ ಬಂದ ನಮ್ಮ ಕಡೆಯ ಹುಡುಗ ಹುಡುಗಿಯರು ಮಾಸ್ಟರ್ಸ್ ಮುಗಿಯೋ ಹೊತ್ತಿಗೆ ಕವಲುದಾರಿಯಲ್ಲಿ ನಿಂತಿರುತ್ತಾರೆ. ಒಂದು ಕಡೆ ಔಷಧ ಕಂಪನಿಯ ಕೆಲಸ, ಇನ್ನೊಂದು ಕಡೆ ನಾಲ್ಕು ವರ್ಷದ ಪಿಎಚ್‌ಡಿ. ನೀವೂ ಅಲ್ಲಿ ನಿಂತಿದ್ದರೆ, ಕಾಡುವುದು ದುಡ್ಡಿನ ಪ್ರಶ್ನೆ ಮಾತ್ರ ಅಲ್ಲ. ಹತ್ತು ವರ್ಷ ಲ್ಯಾಬಿನಲ್ಲಿ ಕಳೆದು ಕೊನೆಗೆ ಏನೂ ಸಿಗದಿದ್ದರೆ, ಅಷ್ಟೂ ಬದುಕು ದಂಡವಾಯಿತಾ?

ಡಬ್ಲಿನ್ನಿನಲ್ಲೇ ನಡೆದ ಒಂದು ಕತೆ ಕೇಳಿ. ಟ್ರಿನಿಟಿ ಕಾಲೇಜಿನಲ್ಲಿ ವಿನ್ಸೆಂಟ್ ಬ್ಯಾರಿ ಮತ್ತು ಅವರ ತಂಡ ಕ್ಷಯರೋಗಕ್ಕೆ ಮದ್ದು ಹುಡುಕುತ್ತಿತ್ತು. 1950ರ ದಶಕದಲ್ಲಿ ಅವರು ತಯಾರಿಸಿದ ಬಿ663 ಎಂಬ ಕೆಂಪು ವಸ್ತು ಇಲಿಗಳ ಕ್ಷಯವನ್ನು ಚೆನ್ನಾಗಿ ತಡೆಯಿತು. ಆದರೆ ಗಿನಿಪಿಗ್‌ಗಳಲ್ಲಿ, ಮಂಗಗಳಲ್ಲಿ ಹಾಗಾಗಲಿಲ್ಲ. ಕ್ಷಯದ ಲೆಕ್ಕದಲ್ಲಿ ಅದು ಸೋಲು. ಕುಷ್ಠರೋಗದ ರೋಗಾಣು ಕ್ಷಯದ ರೋಗಾಣುವಿನ ದಾಯಾದಿ. 1962ರಲ್ಲಿ ನೈಜೀರಿಯಾದಿಂದ ಬಂದ ವರದಿ, ಅದೇ ವಸ್ತು ಕುಷ್ಠಕ್ಕೆ ನಾಟುತ್ತದೆ ಎಂದು ತೋರಿಸಿತು. ಇವತ್ತು ಅದರ ಹೆಸರು ಕ್ಲೋಫಾಜಿಮಿನ್. ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿದ ಬಹು ಔಷಧ ಚಿಕಿತ್ಸೆಯ ಮೂರು ಮದ್ದುಗಳಲ್ಲಿ ಅದೂ ಒಂದು. ನಮ್ಮೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುವ ಕುಷ್ಠದ ಮಾತ್ರೆ ಪಟ್ಟಿಯೊಳಗೂ ಅದಿದೆ. ಬ್ಯಾರಿ 1975ರಲ್ಲೇ ತೀರಿಕೊಂಡಿದ್ದರು.

‘ತಾಳಿದವನು ಬಾಳಿಯಾನು’ ಎಂದು ಇಲ್ಲಿಗೇ ಕತೆ ಮುಗಿಸಿಬಿಡಬಹುದು. ಆದರೆ ಅಂಕಿಅಂಶದ ಕೆಲಸ ಮಾಡುವ ನನಗೆ ಆ ನೀತಿ ಒಪ್ಪಿಗೆಯಾಗೋದಿಲ್ಲ. ನಮ್ಮ ಕಿವಿಗೆ ಬೀಳುವುದು ಗೆದ್ದ ವಸ್ತುಗಳ ಕತೆ ಮಾತ್ರ. ಯಾರ ನೆನಪಿನಲ್ಲೂ ಉಳಿಯದ ವಸ್ತುಗಳೇ ಹೆಚ್ಚು, ಅವುಗಳ ಹಿಂದೆಯೂ ಅಷ್ಟೇ ತಾಳ್ಮೆಯ ಜನರಿದ್ದರು. ತಾಳ್ಮೆ ಇಬ್ಬರಲ್ಲೂ ಇದ್ದಾಗ, ಗೆಲುವಿಗೆ ತಾಳ್ಮೆಯೇ ಕಾರಣ ಅನ್ನೋದು ಹೇಗೆ?

ಹಾಗಾದರೆ ಫಲದಿಂದ ಬದುಕನ್ನು ಅಳೆಯಲು ಬರುವುದಿಲ್ಲ. ಮತ್ತೆ ಯಾವುದರಿಂದ? ಬಿ663ರ ವಿಚಾರದಲ್ಲಿ ತಂಡದ ಕೈಯಲ್ಲಿದ್ದದ್ದು ಒಂದೇ: ಎಲ್ಲಿ ಕೆಲಸ ಮಾಡಿತು, ಎಲ್ಲಿ ಮಾಡಲಿಲ್ಲ ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆದಿಡುವುದು. ಹಾಗೆ ಬರೆದಿಟ್ಟ ಸೋಲು ಮುಂದೆ ಬರುವವರಿಗೆ ದಾರಿ ತೋರುತ್ತದೆ, ಕೊನೇಪಕ್ಷ ಮುಚ್ಚಿದ ದಾರಿ ಯಾವುದೆಂದಾದರೂ ಹೇಳುತ್ತದೆ. ಮುಚ್ಚಿಟ್ಟ ಸೋಲಿನಿಂದ ಇನ್ನೊಬ್ಬರ ನಾಲ್ಕು ವರ್ಷ ಹಾಳು.

ಇದಕ್ಕೊಂದು ಆಕ್ಷೇಪ ಇದೆ. ‘ಸಾರ್ಥಕತೆಯಿಂದ ಬಾಡಿಗೆ ಕಟ್ಟೋಕಾಗುತ್ತಾ?’ ಸರಿಯಾದ ಮಾತು. ಇಲ್ಲಿನ ಸರ್ಕಾರಿ ಪಿಎಚ್‌ಡಿ ವೇತನ 2025ರಲ್ಲಿ ವರ್ಷಕ್ಕೆ 25,000 ಯೂರೋ ಇತ್ತು. ಡಬ್ಲಿನ್ನಿನ ಬಾಡಿಗೆ ಕಟ್ಟಿ, ಊರಿನ ಬ್ಯಾಂಕಿನ ಸಾಲವನ್ನೂ ತೀರಿಸಬೇಕಾದವರಿಗೆ ಅದು ಬಿಗಿಯೇ. ಶರಣರ ಕಾಯಕದ ಕಲ್ಪನೆ ಇಲ್ಲಿ ನನಗೆ ನೆರವಾಗುತ್ತದೆ. ಕಾಯಕ ಅಂದರೆ ಬಿಟ್ಟಿ ದುಡಿಮೆ ಅಲ್ಲ. ಅದು ಮಾಡುವವರ ಹೊಟ್ಟೆಯನ್ನೂ ತುಂಬಬೇಕು, ಮಿಕ್ಕಿದ್ದು ದಾಸೋಹಕ್ಕೆ. ‘ವಿಜ್ಞಾನಕ್ಕಾಗಿ ತ್ಯಾಗ ಮಾಡು’ ಎಂದು ಇನ್ನೊಬ್ಬರ ಮಗಳಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ. ಲೆಕ್ಕ ಹಾಕಿ ಕಂಪನಿಗೆ ಹೋದವರು ಸಣ್ಣವರೂ ಅಲ್ಲ.

ಹಾಗಾಗಿ ‘ನಾನು ಏನಾದರೂ ಕಂಡುಹಿಡೀತೀನಾ?’ ಅನ್ನೋ ಪ್ರಶ್ನೆಯನ್ನು ಬದಿಗಿಡಿ, ಅದಕ್ಕೆ ಉತ್ತರ ಯಾರ ಹತ್ತಿರವೂ ಇಲ್ಲ. ಲ್ಯಾಬಿಗೆ ಸೇರುವ ಮೊದಲು ಅಲ್ಲಿನವರನ್ನು ಎರಡು ಮಾತು ಕೇಳಿ. ಈ ಸಂಬಳದಲ್ಲಿ ಜೀವನ ಸಾಗುತ್ತಾ? ಪ್ರಯೋಗ ಕೈಕೊಟ್ಟಾಗ ಅದನ್ನು ಹಾಗೇ ಬರೆಯಲು ಇಲ್ಲಿ ಬಿಡ್ತಾರಾ? ಎರಡಕ್ಕೂ ಹೌದು ಅಂತ ಬಂದರೆ, ಏನೂ ಸಿಗದ ಹತ್ತು ವರ್ಷವೂ ದಂಡವಾಗುವುದಿಲ್ಲ.