ದಯೆಯೂ ಹಕ್ಕೂ



ದಯೆಯುಳ್ಳ ಸಮಾಜಕ್ಕೆ ಹಕ್ಕುಗಳ ಅವಶ್ಯಕತೆಯುಂಟೆ? ಮಾನವ ಹಕ್ಕುಗಳ ವಿಷಯ ಬಂದಾಗಲೆಲ್ಲ ತಿಳಿದವರು ಕೆಲವರು ಈ ಪ್ರಶ್ನೆಯನ್ನು ನಮ್ಮೆದುರು ಎತ್ತುವುದುಂಟು. ಹಕ್ಕೆಂಬುದು ಪಾಶ್ಚಾತ್ಯರ ಮಾತು, ಅದು ಮನುಷ್ಯನನ್ನು ಮನುಷ್ಯನಿಗೆ ಎದುರಾಗಿ ನಿಲ್ಲಿಸುತ್ತದೆ. ನಮ್ಮ ನಾಡಿನ ಮಾತು ಕರ್ತವ್ಯ ಮತ್ತು ಕರುಣೆ. ಪ್ರತಿಯೊಬ್ಬನೂ ತನ್ನ ಕರ್ತವ್ಯವನ್ನರಿತು ನಡೆದರೆ ಹಕ್ಕಿನ ಪ್ರಶ್ನೆಯೇ ಏಳದು ಎಂಬುದು ಅವರ ವಾದ. ಬಹುಕಾಲ ನಮ್ಮ ಅಭಿಪ್ರಾಯವೂ ಇದೇ ಆಗಿದ್ದಿತು. ಅದು ಅಪೂರ್ಣವೆಂಬುದನ್ನು ನಮಗೆ ತಿಳಿಸಿಕೊಟ್ಟವನು ಓದುಬರಹ ಅಷ್ಟಾಗಿ ಅರಿಯದ ಒಬ್ಬ ರೈತ.

ಕೆಲವು ವರ್ಷಗಳ ಹಿಂದೆ ಆತನು ಒಂದು ರಾತ್ರಿ ಅಳುತ್ತ ಮಠಕ್ಕೆ ಬಂದನು. ಪಂಪ್‌ಸೆಟ್ ಕಳವಾದ ಸಂಶಯದ ಮೇಲೆ ಆತನ ಮಗನನ್ನು ಠಾಣೆಗೆ ಕರೆದೊಯ್ದು ಎರಡು ರಾತ್ರಿ ಕಳೆದಿದ್ದವು. ನಾವು ಪರಿಚಿತರಾದ ಒಬ್ಬ ಅಧಿಕಾರಿಗೆ ಫೋನ್ ಮಾಡಿದೆವು. ಬೆಳಗಾಗುವುದರೊಳಗೆ ಹುಡುಗ ಮನೆ ಸೇರಿದನು. ತಂದೆ-ಮಗ ಬಂದು ನಮಸ್ಕರಿಸಿದರು. ಹುಡುಗನಿಗೆ ಪಾದ ಊರಿ ನಡೆಯುವುದು ಕಷ್ಟವಾಗಿದ್ದಿತು. ಒಂದು ಜೀವಕ್ಕೆ ನೆರವಾದೆವೆಂಬ ಸಮಾಧಾನ ನಮಗಾಯಿತು.

ವಾರ ಕಳೆದ ಮೇಲೆ ಆ ತಂದೆ ಮತ್ತೆ ಬಂದನು. "ಅಪ್ಪಾರ, ನನ್ನ ಮಗನ್ನ ನೀವು ಬಿಡಿಸಿದ್ರಿ. ಅವನ ಜೋಡಿ ಅಲ್ಲಿ ಇನ್ನೊಬ್ಬ ಹುಡುಗ ಇದ್ದ. ಅವನ ಸಲುವಾಗಿ ಫೋನ್ ಮಾಡಾಕ ಯಾರದಾರ್ರಿ?" ಎಂದು ಕೇಳಿದನು. ಮಾನವ ಹಕ್ಕುಗಳ ಆಯೋಗಕ್ಕೆ ಅರ್ಜಿ ಬರೆಯಬೇಕೆಂದಿದ್ದೇನೆ, ಮಗನ ಕಾಲಿನ ಸ್ಥಿತಿಯನ್ನು ಕಂಡ ತಾವೂ ಎರಡು ಸಾಲು ಬರೆದುಕೊಡಬೇಕು ಎಂದನು. "ಮಗ ಬಂದನಲ್ಲ, ಇನ್ನು ವೈರವೇಕೆ?" ಎಂದು ನಾವು ಬುದ್ಧಿ ಹೇಳಿದೆವು. ಆತನು ಎದುರು ಮಾತನಾಡದೆ ಹೊರಟುಹೋದನು.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ನಾವು ಹೇಳಿದ ಬುದ್ಧಿಯ ಮೂಲ ಯಾವುದು? ಕ್ಷಮೆಯೆ, ಅಹಿಂಸೆಯೆ? ಪ್ರಾಮಾಣಿಕವಾಗಿ ನೋಡಿಕೊಂಡಾಗ ಎರಡೂ ಆಗಿರಲಿಲ್ಲ. ಫೋನಿಗೆ ಓಗೊಟ್ಟ ಅಧಿಕಾರಿಯ ಋಣ ನಮ್ಮ ಮೇಲಿದ್ದಿತು. ನಾಳೆ ಇನ್ನೊಬ್ಬ ಭಕ್ತನಿಗಾಗಿ ಅದೇ ಬಾಗಿಲನ್ನು ತಟ್ಟಬೇಕಾಗಬಹುದೆಂಬ ಲೆಕ್ಕಾಚಾರವೂ ಇದ್ದಿತು. ನಾವು ಕರುಣೆಯೆಂದು ತಿಳಿದಿದ್ದರಲ್ಲಿ ಪ್ರಭಾವದ ಪಾಲು ಎಷ್ಟಿತ್ತೆಂಬುದು ಆಗ ಕಂಡಿತು. ಪ್ರಭಾವವು ಪರಿಚಿತರನ್ನು ಮಾತ್ರ ಕಾಯುತ್ತದೆ. ಮಠದ ಬಾಗಿಲನ್ನು ಕಾಣದ ಆ ಇನ್ನೊಬ್ಬ ಹುಡುಗನು ನಮ್ಮ ದಯೆಯ ಹೊರಗೇ ಉಳಿದಿದ್ದನು.

ಹಕ್ಕಿನ ಅವಶ್ಯಕತೆ ಇರುವುದು ಇಲ್ಲಿ. ಬಂಧಿತನನ್ನು 24 ಗಂಟೆಗಳೊಳಗೆ ಸಮೀಪದ ದಂಡಾಧಿಕಾರಿಯ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೆಯ ವಿಧಿ ಹೇಳುತ್ತದೆ. ಬಂಧನದ ಸಂಗತಿಯನ್ನು ಮನೆಯವರಿಗೆ ತಿಳಿಸಬೇಕು, ಬಂಧಿತನನ್ನು ವೈದ್ಯರು ಪರೀಕ್ಷಿಸಬೇಕು ಎಂದು ಸರ್ವೋಚ್ಚ ನ್ಯಾಯಾಲಯವು ಡಿ. ಕೆ. ಬಸು ಅವರ ಮೊಕದ್ದಮೆಯಲ್ಲಿ 1996ರಲ್ಲಿ ವಿಧಿಸಿತು. ಬಂಧಿತನು ಯಾರ ಮಗ, ಯಾವ ಮಠದ ಶಿಷ್ಯ ಎಂದು ಈ ನಿಯಮಗಳು ಕೇಳುವುದಿಲ್ಲ. ಹಕ್ಕಿನ ಹಿರಿಮೆ ಇರುವುದು ಹೀಗೆ ಕೇಳದಿರುವುದರಲ್ಲಿಯೇ.

ಇಂತಹ ನಿಯಮಗಳು ಮುರಿದಾಗ ಬಡವನು ದೂರು ಕೊಂಡೊಯ್ಯಲು ಒಂದು ಎಡೆಯಿರಲೆಂದು 1993ರಲ್ಲಿ ಮಾನವ ಹಕ್ಕುಗಳ ಸಂರಕ್ಷಣಾ ಅಧಿನಿಯಮವು ಬಂದಿತು. ಅದರಂತೆ ಆ ವರ್ಷದ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಆಯೋಗವು ಸ್ಥಾಪನೆಗೊಂಡಿತು. ನಮ್ಮ ರಾಜ್ಯದ ಆಯೋಗವು 2007ರಲ್ಲಿ ಬೆಂಗಳೂರಿನಲ್ಲಿ ಕಾರ್ಯಾರಂಭ ಮಾಡಿತು. ಜೀವ, ಸ್ವಾತಂತ್ರ್ಯ, ಸಮಾನತೆ, ಘನತೆ ಎಂಬ ನಾಲ್ಕನ್ನು ಕುರಿತ ಹಕ್ಕುಗಳೇ ಈ ಅಧಿನಿಯಮದ ವಿಷಯ. ಸರಕಾರಿ ನೌಕರನು ಅವನ್ನು ಉಲ್ಲಂಘಿಸಿದರೆ, ಅಥವಾ ಉಲ್ಲಂಘನೆಯನ್ನು ತಡೆಯದೆ ಅಲಕ್ಷಿಸಿದರೆ, ಆಯೋಗವು ವಿಚಾರಿಸಬಹುದು. ದೂರು ಸಲ್ಲಿಸಲು ಶುಲ್ಕವಿಲ್ಲ, ವಕೀಲರೇ ಬೇಕೆಂಬ ಕಟ್ಟಳೆಯಿಲ್ಲ. ದೂರು ಬಾರದಿದ್ದರೂ ಆಯೋಗವು ತಾನಾಗಿಯೇ ವಿಚಾರಣೆಯನ್ನು ಕೈಗೊಳ್ಳಬಹುದು. ಸೆರೆಮನೆಗಳಿಗೆ ಭೇಟಿ ನೀಡಬಹುದು. ಸಿವಿಲ್ ನ್ಯಾಯಾಲಯದಂತೆ ಸಾಕ್ಷಿಗಳನ್ನು ಕರೆಸಬಹುದು. ಆದರೆ ಘಟನೆ ನಡೆದು ಒಂದು ವರ್ಷ ಕಳೆದ ಮೇಲೆ ಬಂದ ವಿಷಯವನ್ನು ಅದು ವಿಚಾರಿಸಲಾರದು. ಆದುದರಿಂದ "ಈಗ ಬೇಡ, ತಡೆ" ಎಂದು ನಾವು ನೀಡುವ ಬುದ್ಧಿವಾದವು ಎಷ್ಟೋ ವೇಳೆ ನ್ಯಾಯದ ಬಾಗಿಲನ್ನೇ ಮುಚ್ಚಿಬಿಡುತ್ತದೆ.

ಇನ್ನೊಂದು ಆಕ್ಷೇಪಣೆಯುಂಟು. ಆಯೋಗವು ಶಿಕ್ಷೆ ವಿಧಿಸಲಾರದು. ಪರಿಹಾರ ನೀಡಿರಿ, ಮೊಕದ್ದಮೆ ಹೂಡಿರಿ ಎಂದು ಸರಕಾರಕ್ಕೆ ಶಿಫಾರಸು ಮಾಡಬಲ್ಲದು, ಅಷ್ಟೆ. ಅಂತಹ ಸಂಸ್ಥೆಯಿಂದ ಪ್ರಯೋಜನವೇನು? ಈ ಆಕ್ಷೇಪಣೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಶಿಫಾರಸಿನ ಮೇಲೆ ಕೈಗೊಂಡ ಕ್ರಮವನ್ನು ಸರಕಾರವು ಒಂದು ತಿಂಗಳೊಳಗೆ, ಇಲ್ಲವೆ ಆಯೋಗವು ನೀಡಿದ ಹೆಚ್ಚಿನ ಅವಧಿಯೊಳಗೆ, ತಿಳಿಸಬೇಕೆಂದು ಅಧಿನಿಯಮದಲ್ಲಿಯೇ ಇದೆ. ಇಂತಹ ಶಿಫಾರಸು ಸರಕಾರವನ್ನು ಬಂಧಿಸುತ್ತದೆಂದು ಮದ್ರಾಸ್ ಉಚ್ಚ ನ್ಯಾಯಾಲಯದ ಪೂರ್ಣಪೀಠವು 2021ರಲ್ಲಿ ತೀರ್ಪಿತ್ತಿತು. ಇದಕ್ಕಿಂತಲೂ ಮುಖ್ಯವಾದ ಸಂಗತಿ ಮತ್ತೊಂದಿದೆ. ಏಟು ತಿಂದವನಿಗೆ ಏಟಿನ ನೋವಿಗಿಂತ ಹೆಚ್ಚಾಗಿ ಕಾಡುವುದು, ಅಂತಹುದೇನೂ ನಡೆದೇ ಇಲ್ಲವೆಂದು ಲೋಕವು ನಡೆದುಕೊಳ್ಳುವ ರೀತಿ. ಅಧಿಕಾರವುಳ್ಳ ಒಂದು ಪೀಠವು ಆತನ ಮಾತನ್ನು ಕೇಳಿ, ಬರೆದಿಟ್ಟು, ಇದು ತಪ್ಪು ಎಂದು ಹೇಳುವುದು ಸಣ್ಣ ಕಾರ್ಯವಲ್ಲ.

ಹಕ್ಕು ಪರಕೀಯವೆಂಬ ಮಾತಿಗೂ ಉತ್ತರವಿದೆ. 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆಯು ಅಂಗೀಕರಿಸಿದ ಸಾರ್ವತ್ರಿಕ ಘೋಷಣೆಯ ಮೊದಲನೆಯ ವಿಧಿಯಲ್ಲಿ, ಕರಡಿನಲ್ಲಿ ಪುರುಷವಾಚಕವಾಗಿದ್ದ ಶಬ್ದದ ಬದಲು ಸಮಸ್ತ ಮಾನವರೂ ಎಂಬರ್ಥದ ಶಬ್ದ ಬರುವಂತೆ ಪಟ್ಟುಹಿಡಿದವರು ಭಾರತದ ಪ್ರತಿನಿಧಿ ಹಂಸಾ ಮೆಹತಾ. ಈ ಮಾತಿನಲ್ಲಿ ನಮ್ಮ ದನಿಯೂ ಸೇರಿದೆ.

ಕರ್ತವ್ಯವನ್ನು ಹಕ್ಕಿಗೆ ವಿರುದ್ಧವೆಂದು ಭಾವಿಸುವುದೂ ಸರಿಯಲ್ಲ. ಕರ್ತವ್ಯವು ಯಾರಿಗೋ ಸಲ್ಲಬೇಕಾದುದು. ಸಲ್ಲದಿದ್ದಾಗ ಅದನ್ನು ಕೇಳುವ ದನಿಗೆ ಹಕ್ಕೆಂದು ಹೆಸರು. ನಮ್ಮ ದಾಸೋಹವೆಂಬ ಶಬ್ದವನ್ನೇ ವಿಚಾರಿಸಿರಿ. ನಾನು ದಾಸನೆಂಬುದು ಅದರ ಅರ್ಥ. ನೀಡುವವನು ದಾಸನಾದರೆ ಪಂಕ್ತಿಯಲ್ಲಿ ಕುಳಿತವನು ಭಿಕ್ಷುಕನಾಗಲಾರನು. ಬಂದುದು ಅವನಿಗೆ ಸಲ್ಲಬೇಕಾದುದೇ. ನೀಡುವವನ ಅಹಂಕಾರವನ್ನು ಕಳೆಯಲೆಂದು ಹುಟ್ಟಿದ ಈ ತತ್ತ್ವವನ್ನು ಹೇಳುತ್ತಲೇ, ಕೇಳಲು ಬಂದವನನ್ನು ನಾವು ಸುಮ್ಮನಿರಿಸಲು ಹೋದೆವು.

ಹಕ್ಕೊಂದೇ ಸಾಕೆಂದು ಇದರರ್ಥವಲ್ಲ. ಆಯೋಗವು ಪರಿಹಾರವನ್ನು ಕೊಡಿಸಬಹುದು. ರಾತ್ರಿ ಬೆಚ್ಚಿ ಏಳುವ ಹುಡುಗನ ಪಕ್ಕದಲ್ಲಿ ಕುಳಿತುಕೊಳ್ಳಲಾರದು. ಅದಕ್ಕೆ ತಾಯಿ ಬೇಕು, ನೆರೆಯವರು ಬೇಕು, ಮಠವೂ ಬೇಕು. ಹಕ್ಕು ನೆಲಗಟ್ಟು, ದಯೆ ಅದರ ಮೇಲಿನ ಮನೆ. ನೆಲಗಟ್ಟಿಲ್ಲದೆ ಕಟ್ಟಿದ ಮನೆಯಲ್ಲಿ ಒಡೆಯನಿಗೆ ಬೇಕಾದವರಿಗಷ್ಟೇ ಎಡೆ.

ಮರುದಿನ ಬೆಳಿಗ್ಗೆ ನಾವು ಆ ರೈತನನ್ನು ಕರೆಸಿ, ಕಂಡುದನ್ನು ಬರೆದು ಸಹಿ ಹಾಕಿ ಕೊಟ್ಟೆವು. ಆತನ ಅರ್ಜಿಯಲ್ಲಿ ಆ ಇನ್ನೊಬ್ಬ ಹುಡುಗನ ತಾಯಿಯ ಹೆಬ್ಬೆಟ್ಟಿನ ಗುರುತೂ ಇದ್ದಿತು. ಆ ತಾಯಿಯನ್ನು ನಾವು ಅದುವರೆಗೆ ಕಂಡಿರಲಿಲ್ಲ.

ಶ್ರೀಮಠದ ಪ್ರಸಾದನಿಲಯದಲ್ಲಿ ಓದಿದ ಅನೇಕರು ಇಂದು ಪೊಲೀಸ್, ಕಂದಾಯ, ಆರೋಗ್ಯ ಮೊದಲಾದ ಇಲಾಖೆಗಳಲ್ಲಿದ್ದೀರಿ. ಮಠದಿಂದ ಫೋನ್ ಬಂದಾಗ ನೀವು ಗೌರವದಿಂದ ಕೆಲಸ ಮಾಡಿಕೊಡುತ್ತೀರಿ. ಅದಕ್ಕಾಗಿ ನಾವು ಕೃತಜ್ಞರು. ಫೋನ್ ಬಾರದಿದ್ದಾಗಲೂ, ನಿಮ್ಮೆದುರು ನಿಂತವನ ಹೆಸರು ಊರು ತಿಳಿಯದಿದ್ದಾಗಲೂ, ಅದೇ ಕೆಲಸವನ್ನು ಅಷ್ಟೇ ಶ್ರದ್ಧೆಯಿಂದ ಮಾಡಿರಿ. ನೀವು ಶ್ರೀಮಠಕ್ಕೆ ಸಲ್ಲಿಸಬೇಕಾದ ಕಾಣಿಕೆ ಅದೇ.