ಹದಿನೇಳು ಅಂಕಣದ ಅರಮನೆ

ಮಲೇಷಿಯಾದ ಮಲಕ್ಕಾ ಪಟ್ಟಣದಲ್ಲಿ ಸೇಂಟ್ ಪಾಲ್ ಬೆಟ್ಟದ ಬುಡಕ್ಕೆ ಒಂದು ದೊಡ್ಡ ಮರದ ಅರಮನೆ ನಿಂತಿದೆ. ನೆಲದಿಂದ ಮೇಲೆತ್ತಿ ನಿಲ್ಲಿಸಿದ ಕಂಬಗಳು, ಉದ್ದಕ್ಕೆ ಸಾಗುವ ಜಗುಲಿ, ಕಡಿದಾಗಿ ಇಳಿಯುವ ಮಾಡು. 1984ರಲ್ಲಿ ಕೆಲಸ ಶುರುವಾಗಿ 1986ರಲ್ಲಿ ಬಾಗಿಲು ತೆರೆಯಿತು. 1459ರಿಂದ 1477ರವರೆಗೆ ಆಳಿದ ಸುಲ್ತಾನ್ ಮನ್ಸೂರ್ ಷಾನ ಅರಮನೆಯನ್ನು ಮರಳಿ ಕಟ್ಟಿದ್ದೇವೆ ಎಂದು ಅಲ್ಲಿಯವರು ಹೇಳುತ್ತಾರೆ. ಆದರೆ ಆ ಹಳೆಯ ಅರಮನೆಯ ಒಂದು ತೊಲೆಯೂ ಇವರ ಕೈಗೆ ಸಿಕ್ಕಿರಲಿಲ್ಲ. ಇದ್ದದ್ದು ಒಂದು ಪುಸ್ತಕದ ಕೆಲವು ಸಾಲುಗಳು ಮಾತ್ರ.

ಪುಸ್ತಕದ ಹೆಸರು 'ಸೆಜಾರಾ ಮೆಲಾಯು', ಮಲಯ ಅರಸರ ವಂಶಚರಿತ್ರೆ. ಇಂದು ನಮಗೆ ಗೊತ್ತಿರುವ ರೂಪಕ್ಕೆ ಅದನ್ನು ತಂದವನು ಜೋಹೋರ್ ರಾಜ್ಯದ ಮಂತ್ರಿ ತುನ್ ಸೆರಿ ಲಾನಾಂಗ್, ವರ್ಷ 1612. ಮಲಕ್ಕಾ ಪೋರ್ಚುಗೀಸರ ಕೈಗೆ ಹೋದದ್ದು 1511ರಲ್ಲಿ. ಅಂದರೆ ಅರಮನೆಯನ್ನು ಬಣ್ಣಿಸಿದವನು ಅದರ ಹೊಸ್ತಿಲು ತುಳಿದವನಲ್ಲ, ಅವನ ಅಪ್ಪನೂ ತುಳಿದವನಲ್ಲ. ಅವನ ಪೂರ್ವಿಕರು ಮಲಕ್ಕಾದ ಮಂತ್ರಿಗಳಾಗಿದ್ದರು. ಹಿರಿಯರ ಬಾಯಲ್ಲೂ ಹಳೆಯ ಬರಹಗಳಲ್ಲೂ ಉಳಿದುಬಂದದ್ದನ್ನು ಅವನು ಜೋಡಿಸಿದ. 17 ಅಂಕಣ, ಕಂಬದಿಂದ ಕಂಬಕ್ಕೆ 3 ಮಾರು, ಕಂಬದ ಸುತ್ತಳತೆ ಒಬ್ಬನ ತೆಕ್ಕೆಯಷ್ಟು, 7 ಹಂತದ ಮಾಡು, ಚೀನಾದಿಂದ ಬಂದ ಕನ್ನಡಿಗಳು. ನಾಡು ಕಳೆದುಕೊಂಡ ಜನ ಅಳತೆಯನ್ನು ಇಷ್ಟು ಜೋಪಾನವಾಗಿ ಕಾಪಾಡಿಕೊಂಡಿದ್ದರಲ್ಲ ಎಂಬುದು ನನ್ನ ಮನಸ್ಸನ್ನು ಬಹಳ ತಟ್ಟುತ್ತದೆ. ಬೆರಗನ್ನಷ್ಟೇ ಬರೆದಿಟ್ಟಿದ್ದರೆ ಯಾವ ಬಡಗಿಗೂ ಉಪಯೋಗವಿರುತ್ತಿರಲಿಲ್ಲ. ಅಂಕಣದ ಲೆಕ್ಕ ಬರೆದಿಟ್ಟದ್ದರಿಂದ, ಅರಮನೆ ಕಟ್ಟಿದ ಐನೂರು ವರ್ಷಗಳ ನಂತರ ಒಬ್ಬ ಉಳಿ ಎತ್ತಿಕೊಳ್ಳಲು ಸಾಧ್ಯವಾಯಿತು.

ಆ ಅರಮನೆ ಹುಟ್ಟಿದ ಬಗೆಯನ್ನೂ ಪುಸ್ತಕ ಹೇಳುತ್ತದೆ. ಸುಲ್ತಾನನ ವೀರ ಹಾಂಗ್ ತುವಾನ ಮೇಲೆ ಯಾರೋ ಚಾಡಿ ಹೇಳಿದರು. ಕೊಲ್ಲಿ ಎಂದು ಅಪ್ಪಣೆಯಾಯಿತು. ಮಂತ್ರಿ ಅವನನ್ನು ಕೊಲ್ಲದೆ ಬಚ್ಚಿಟ್ಟ. ಮುಂದೆ ಅವನ ಜೊತೆಗಾರ ಹಾಂಗ್ ಕಸ್ತೂರಿ ದಂಗೆಯೆದ್ದು ಅರಮನೆಯಲ್ಲೇ ಬೇರೂರಿ ನಿಂತ. ಅವನನ್ನು ಎದುರಿಸುವ ಗಂಡು ಇನ್ನೊಬ್ಬನಿರಲಿಲ್ಲ. ಬಚ್ಚಿಟ್ಟ ತುವಾನನ್ನು ಕರೆತಂದರು, ಗೆಳೆಯನ ಕೈಯಲ್ಲಿ ಗೆಳೆಯ ಸತ್ತ. ಕಸ್ತೂರಿ ಸತ್ತ ಮನೆಯಲ್ಲಿ ಇನ್ನು ಇರಲಾರೆ ಎಂದು ಸುಲ್ತಾನ ಹೊರಬಂದ; 17 ಅಂಕಣದ ಅರಮನೆ ಕಟ್ಟಿಸಿದ್ದು ಆಗಲೇ. ಮುಂದೆ ಬಂದ 'ಹಿಕಾಯತ್ ಹಾಂಗ್ ತುವಾ' ಎಂಬ ಕಥನದಲ್ಲಿ ಸಾಯುವವನು ಹಾಂಗ್ ಜೆಬಾತ್. ಇಂದಿನ ಮಲಯ ಜನರ ನಾಲಿಗೆಯ ಮೇಲಿರುವುದೂ ಜೆಬಾತನ ಹೆಸರೇ. ಅರಸನಿಗೆ ನಿಷ್ಠನಾದ ತುವಾ ದೊಡ್ಡವನೋ, ಗೆಳೆಯನಿಗಾದ ಅನ್ಯಾಯಕ್ಕೆ ಸಿಡಿದೆದ್ದ ಜೆಬಾತ್ ದೊಡ್ಡವನೋ ಎಂಬ ವಾದ ಅಲ್ಲಿ ಇವತ್ತಿಗೂ ಮುಗಿದಿಲ್ಲ. ಮರುಕಟ್ಟಿದ ಅರಮನೆಯೊಳಗೂ ಆ ಕಾಳಗವನ್ನು ಗೊಂಬೆಗಳಲ್ಲಿ ನಿಲ್ಲಿಸಿದ್ದಾರೆ. ಮನೆ ಹೋಯಿತು, ಸತ್ತವನ ಹೆಸರು ಕೂಡ ಬದಲಾಯಿತು. ಆ ಅನ್ಯಾಯದ ಉರಿ ಮಾತ್ರ ಆರಲಿಲ್ಲ. ಮನುಷ್ಯರು ಕಟ್ಟಿದ್ದರಲ್ಲಿ ಯಾವುದು ಹೆಚ್ಚು ಬಾಳಿಕೆ ಬರುತ್ತದೆ ಎಂದು ಕೇಳಿದರೆ, ತೀರ್ಮಾನವಾಗದೆ ಉಳಿದ ಪ್ರಶ್ನೆ ಎಂದು ನಾನು ಹೇಳುತ್ತೇನೆ.

17 ಅಂಕಣದ ಅರಮನೆಗೂ ಆಯುಷ್ಯ ಇರಲಿಲ್ಲ. ಇದ್ದಕ್ಕಿದ್ದಂತೆ ಬೆಂಕಿ ಹತ್ತಿ ಮನ್ಸೂರ್ ಷಾನ ಕಾಲದಲ್ಲೇ ಸುಟ್ಟುಹೋಯಿತು. ಅವನು ಮತ್ತೊಂದನ್ನು ಕಟ್ಟಿಸಿದ. ನಮ್ಮ ಕಾಲದ ಜನ 'ಮೂಲ ಅರಮನೆ' ಎಂದು ಗೌರವಿಸುವುದೇ ಒಂದನ್ನು ಬಿಟ್ಟುಬಂದು ಕಟ್ಟಿದ್ದು, ಅದು ಉರಿದ ಮೇಲೆ ಇನ್ನೊಂದು ಎದ್ದದ್ದು. ಮೂಲ ಎಂದು ಬೆರಳಿಟ್ಟು ತೋರಿಸುವಂಥದ್ದು ಈ ಸಾಲಿನಲ್ಲಿ ಎಲ್ಲಿಯೂ ಸಿಗುವುದಿಲ್ಲ.

ಕಲ್ಲಿನ ಕಥೆ ಬೇರೆ ಆಯಿತೇ ನೋಡೋಣ. 1510ರಲ್ಲಿ ಹೊನ್ನಾವರದ ತಿಮ್ಮಯ್ಯನ ನೆರವಿನಿಂದ ಬಿಜಾಪುರದವರ ಗೋವೆಯನ್ನು ಹಿಡಿದ ಪೋರ್ಚುಗೀಸ್ ದಂಡನಾಯಕ ಅಫೋನ್ಸೊ ಡಿ ಆಲ್ಬುಕರ್ಕ್, ಮರುವರ್ಷವೇ ಮಲಕ್ಕಾದ ಮುಂದೆ ಹಡಗುಗಳನ್ನು ನಿಲ್ಲಿಸಿದ. ನಮ್ಮ ಕರಾವಳಿಯ ಒಂದು ಲೆಕ್ಕಾಚಾರ ಅಷ್ಟು ದೂರದ ಅರಮನೆಯ ಹಣೆಬರಹದಲ್ಲೂ ಸೇರಿಕೊಂಡಿತು. ಸುಲ್ತಾನ್ ಮಹಮೂದ್ ಷಾ ಓಡಿದ. ಅರಮನೆಯ ಲೂಟಿಯನ್ನು 'ಫ್ಲೋರ್ ಡೆ ಲಾ ಮಾರ್' ಹಡಗಿಗೆ ತುಂಬಿದರು. ಅದೇ ವರ್ಷ ಸುಮಾತ್ರಾದ ಬಳಿ ಬಿರುಗಾಳಿಗೆ ಸಿಕ್ಕಿ ಹಡಗು ಮುಳುಗಿತು. ಆಲ್ಬುಕರ್ಕ್ ಬದುಕಿದ, ಸಂಪತ್ತು ಸಮುದ್ರಕ್ಕೆ ಹೋಯಿತು. ಇಂದು ಮಲಕ್ಕಾ ನದಿಯ ದಡದಲ್ಲಿ ಆ ಹಡಗಿನ ಪ್ರತಿರೂಪವೂ ಮ್ಯೂಸಿಯಂ ಆಗಿ ನಿಂತಿದೆ. ಸುಲ್ತಾನರ ಅರಮನೆ, ಅವರ ಕೊಳ್ಳೆ ಹೊತ್ತ ಹಡಗು, ಎರಡನ್ನೂ ಒಂದೇ ಊರು ಮತ್ತೆ ಕಟ್ಟಿಕೊಂಡಿದೆ. ಈ ಔದಾರ್ಯಕ್ಕೆ ನಾನು ತಲೆಬಾಗುತ್ತೇನೆ.

ಗೆದ್ದವರು ಬೆಟ್ಟದ ಸುತ್ತ 'ಆ ಫಾಮೋಸಾ' ಎಂಬ ಕೋಟೆ ಎಬ್ಬಿಸಿದರು. ಮಸೀದಿಗಳ ಕಲ್ಲು, ಸುಲ್ತಾನರ ಗೋರಿಗಳ ಕಲ್ಲು ಅದಕ್ಕೆ ಬಳಕೆಯಾಯಿತೆಂದು ಪೋರ್ಚುಗೀಸರೇ ಬರೆದಿಟ್ಟಿದ್ದಾರೆ. ಮಲಯ ಅರಸರು ಬದುಕುತ್ತಿದ್ದದ್ದು ಮರದ ಮನೆಯಲ್ಲಿ. ಕಲ್ಲು ಬರುತ್ತಿದ್ದದ್ದು ಸತ್ತ ಮೇಲೆ, ತಲೆದೆಸೆಗೆ. ಆ ಕೊನೆಯ ಕಲ್ಲನ್ನೂ ಕಿತ್ತು ಗೋಡೆಗೆ ಇಟ್ಟರು. 1641ರಲ್ಲಿ ಕೋಟೆ ಡಚ್ಚರ ಪಾಲಾಯಿತು, ಆಮೇಲೆ ಇಂಗ್ಲಿಷರ ಪಾಲು. ಶತ್ರುಗಳ ಕೈಗೆ ಮರಳಿ ಸಿಕ್ಕರೆ ಕಷ್ಟ ಎಂದು ಇಂಗ್ಲಿಷರು 1807ರಲ್ಲಿ ಮದ್ದಿಟ್ಟು ಉಡಾಯಿಸಿದರು. ಅದನ್ನು ಬಾಲ್ಯದಲ್ಲಿ ಕಂಡ ಮಲಯ ಲೇಖಕ ಮುನ್ಷಿ ಅಬ್ದುಲ್ಲಾ ತನ್ನ ಆತ್ಮಕಥೆಯಲ್ಲಿ ನೋವಿನಿಂದ ಬರೆದಿದ್ದಾನೆ. ಕೋಟೆ ಹೋದ ಮೇಲೆ ಮಲಕ್ಕಾದ ಕಳೆಯೇ ಹೋಯಿತು ಎಂಬುದು ಅವನ ಸಂಕಟ. ಉಳಿದದ್ದು ಒಂದು ಹೆಬ್ಬಾಗಿಲು. ಮರುಕಟ್ಟಿದ ಅರಮನೆಗೆ ಹೋಗುವವರು ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ.

ಹಾಗಾದರೆ ಮರವೂ ಒಂದೇ, ಕಲ್ಲೂ ಒಂದೇ, ಎರಡೂ ಹೋಗುವವೇ ಎಂದು ನಿಟ್ಟುಸಿರು ಬಿಟ್ಟು ಸುಮ್ಮನಾಗಬಹುದು. ನನಗೆ ಅದು ಸಾಲದು. ಹೋಗುವ ರೀತಿಯಲ್ಲಿ ವ್ಯತ್ಯಾಸವಿದೆ. ಮಲಯ ಬಡಗಿಗಳು ಕಂಬಕ್ಕೆ ತೊಲೆ ಕೂಡಿಸುವುದು ಕಚ್ಚು ಕೊರೆದು, ಮರದ ಬೆಣೆ ಬಡಿದು. ಆ ಕೂಡಿಕೆಯನ್ನು 'ತಂಗಮ್' ಎನ್ನುತ್ತಾರೆ, ಬೆಣೆಯನ್ನು 'ಪಾಸಕ್' ಎನ್ನುತ್ತಾರೆ. ಬೆಣೆ ಕಿತ್ತರೆ ಮನೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿ ಬೇರೆ ಕಡೆ ಒಯ್ದು ಮತ್ತೆ ನಿಲ್ಲಿಸಬಹುದು. ಆಂಪಾಂಗ್ ತಿಂಗಿ ಎಂಬ ಊರಿನ ಅರಮನೆಯನ್ನು ಹೀಗೆಯೇ ಬಿಚ್ಚಿ ಸೆರೆಂಬಾನ್ ಪಟ್ಟಣಕ್ಕೆ ತಂದರು. ಗರಿ ಹೊದಿಸಿದ ಮಾಡಾದರೆ ಆ ಮಳೆಗೆ ಕೆಲವೇ ವರ್ಷದಲ್ಲಿ ಕೊಳೆಯುತ್ತದೆ, ಮತ್ತೆ ಹೊದಿಸಬೇಕು. ಬೇಗ ಹಾಳಾಗುವ ಮನೆ ಪ್ರತಿ ತಲೆಮಾರಿನಲ್ಲೂ ಕೆಲಸ ಕಲಿತ ಕೈಯನ್ನು ಬೇಡುತ್ತದೆ. ಅಜ್ಜ ಕಟ್ಟಿದ್ದು ಅಲುಗುತ್ತಿದೆ ಎಂದೇ ಮೊಮ್ಮಗ ಉಳಿ ಹಿಡಿಯುವುದು. ಕಲ್ಲಿನ ಕೋಟೆ ನೂರಾರು ವರ್ಷ ನಿಂತು ಆ ಕಲಿಕೆಯ ಅಗತ್ಯವನ್ನೇ ಇಲ್ಲವಾಗಿಸುತ್ತದೆ. ಅದು ಬಿದ್ದ ದಿನ ಎತ್ತಿ ನಿಲ್ಲಿಸುವವರು ಯಾರೂ ಇರುವುದಿಲ್ಲ.

ಸುಮಾತ್ರಾದ ಪಗಾರುಯುಂಗಿನಲ್ಲಿ ಇದಕ್ಕೆ ಇನ್ನೂ ಕಠಿಣವಾದ ಉದಾಹರಣೆ ಇದೆ. ಅಲ್ಲಿನ ಮಿನಾಂಗ್‌ಕಬಾವು ರಾಜಮನೆತನದಿಂದಲೇ ಮಲೇಷಿಯಾದ ನೆಗೆರಿ ಸೆಂಬಿಲಾನ್ ರಾಜ್ಯದ ಅರಸರು ಬಂದವರು. ಪಗಾರುಯುಂಗಿನ ಅರಮನೆ 1804ರ ದಂಗೆಯಲ್ಲಿ ಸುಟ್ಟಿತು. ಮತ್ತೆ ಕಟ್ಟಿದ್ದು 1966ರಲ್ಲಿ ಸುಟ್ಟಿತು. 1976ರಲ್ಲಿ ಕಂಬ ನೆಟ್ಟು ಶುರುಮಾಡಿದ ಹೊಸದಕ್ಕೆ 2007ರ ಫೆಬ್ರವರಿ 27ರಂದು ಸಿಡಿಲು ಬಡಿಯಿತು. ಕೋಡಿನಂತೆ ಮೇಲೆದ್ದ ಮಾಡಿನ ತುದಿಗೆ ಹತ್ತಿದ ಬೆಂಕಿ ಒಳಗಿದ್ದ ಹಳೆಯ ವಸ್ತುಗಳಲ್ಲಿ ಬಹುಪಾಲನ್ನು ತಿಂದುಹಾಕಿತು. 2013ರಲ್ಲಿ ಅರಮನೆ ಮತ್ತೆ ಬಾಗಿಲು ತೆರೆಯಿತು. ಸುಟ್ಟ ಜರತಾರಿ ಬಟ್ಟೆ, ಬರಹಗಳು ಬರಲಿಲ್ಲ. ಅದನ್ನು ಮುಚ್ಚಿಡಬಾರದು. ಮರುಕಟ್ಟುವುದರಿಂದ ಎಲ್ಲವೂ ಮರಳುತ್ತದೆ ಎಂದು ನಂಬಿಸುವುದು ಕಳೆದುಕೊಂಡವರಿಗೆ ಮಾಡುವ ಅವಮಾನ.

ಮಲಕ್ಕಾದ ಅರಮನೆಯನ್ನು ನೋಡಿ 'ಇದು ನಕಲು' ಎಂದು ಮೂಗು ಮುರಿಯುವವರಿದ್ದಾರೆ. ಅವರ ಮಾತಿನಲ್ಲಿ ನಿಜವಿದೆ. ಅಲ್ಲಿ ಅರಸನಿಲ್ಲ, ಅಡುಗೆಮನೆಯಲ್ಲಿ ಹೊಗೆ ಇಲ್ಲ, ಯಾವ ಮಗುವೂ ಅಲ್ಲಿ ಹುಟ್ಟಲಿಲ್ಲ. ಆದರೂ ಕಬ್ಬಿಣದಷ್ಟು ಗಟ್ಟಿಯಾದ ಮರವನ್ನು ಸೀಳಿ ಹೊದಿಸಿದ ಆ ಮಾಡು, ಮೊಳೆಯ ಬದಲು ಬೆಣೆ ಬಡಿದ ಆ ಕೂಡಿಕೆಗಳು ನಕಲಲ್ಲ. ಕೆತ್ತನೆಯ ಬಳ್ಳಿಗೂ ಒಂದು ಕಟ್ಟಳೆ ಉಂಟು. ಬೇರು ಎಲೆಯ ಮರೆಯಲ್ಲಿ ಅಡಗಿರಬೇಕು, ತುದಿ ಇನ್ನೊಂದು ಎಲೆಯನ್ನು ಚುಚ್ಚದೆ ಬಾಗಬೇಕು ಎಂದು ಮಲಯ ಕೆತ್ತನೆಗಾರರು ಶಿಷ್ಯರಿಗೆ ಹೇಳಿಕೊಡುತ್ತಾರೆ. ಉಳಿ ಹಿಡಿಯುವ ಪ್ರತಿ ಹೊಸ ಕೈಯಲ್ಲೂ ಆ ಕಟ್ಟಳೆ ಅಸಲೇ.

ಈ ಅರಮನೆಯೂ ಒಂದು ದಿನ ಹೋಗುತ್ತದೆ, ಸಿಡಿಲಿಗೋ ಗೆದ್ದಲಿಗೋ. ಆಗ ಮತ್ತೊಂದು ಏಳುವುದು ಮರ ಇದೆಯೇ, ಹಣ ಇದೆಯೇ ಎಂಬುದಕ್ಕಿಂತ ಕಚ್ಚು ಕೊರೆಯಬಲ್ಲ ಬಡಗಿ ಇದ್ದಾನೆಯೇ ಎಂಬುದರ ಮೇಲೆ ನಿಂತಿದೆ. ಅರಮನೆ ಮರುಕಟ್ಟಲು ಹಣ ಕೊಡುವ ಸರ್ಕಾರಗಳು, ಅಲ್ಲಿನವೇ ಇರಲಿ ಇನ್ನೆಲ್ಲಿಯವೇ ಇರಲಿ, ಅದರಲ್ಲಿ ಒಂದು ಪಾಲನ್ನು ಬಡಗಿಗಳ ಮತ್ತು ಅವರ ಶಿಷ್ಯರ ಹೊಟ್ಟೆಗೆ, ಕಲಿಕೆಗೆ ತೆಗೆದಿಡಬೇಕು. ಕಟ್ಟಡದ ಉದ್ಘಾಟನೆಗಿಂತ ಮೊದಲು ಆಗಬೇಕಾದ ಕೆಲಸ ಅದು.