ಸ್ವಂತ ಮಗಳಾ?

2015ರಲ್ಲಿ ಮಗಳು ಬಾಣಂತನಕ್ಕೆ ಬಂದಿದ್ದಳು. ಒಂದು ಬೆಳಿಗ್ಗೆ ಬಚ್ಚಲಲ್ಲಿ ಕಾಲು ನೀಡಿ ಕೂತು, ಮೊಮ್ಮಗನನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದೆ. ಮಗು ನೋಡಲು ಬಂದಿದ್ದ ಪರಿಚಯದ ಹೆಂಗಸೊಬ್ಬರು ಬಾಗಿಲಲ್ಲೇ ನಿಂತು, "ಇವಳು ನಿಮ್ಮ ಸ್ವಂತ ಮಗಳಲ್ಲವಂತೆ, ನಿಜವೇ?" ಎಂದರು. ಕೋಣೆಯಲ್ಲಿದ್ದ ಅವಳಿಗೂ ಕೇಳಿಸುವಷ್ಟು ಗಟ್ಟಿಯಾಗಿ. ನನಗೆ ಬಾಯಿ ಬರಲಿಲ್ಲ. "ನೀರು ಆರಿಹೋಗುತ್ತೆ" ಎಂದು ಮಗುವಿನ ತಲೆಗೆ ನೀರು ಹುಯ್ದೆ.

ಇಪ್ಪತ್ತೈದು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿದವಳು ನಾನು. ಜೆನ್ಯುಯಿನ್, ಅಥೆಂಟಿಕ್ ಎರಡಕ್ಕೂ ಮಕ್ಕಳಿಗೆ ಒಂದೇ ಅರ್ಥ ಬರೆಸಿದ್ದೆ, ಅಸಲಿ ಎಂದು. ಆ ರಾತ್ರಿ ನಿದ್ದೆ ಬಾರದೆ ನಿಘಂಟುಗಳನ್ನು ಹರವಿಕೊಂಡು ಕೂತೆ.

ಜೆನ್ಯುಯಿನ್ ಲ್ಯಾಟಿನ್ನಿನಿಂದ ಬಂದದ್ದು. ಹುಟ್ಟಿನೊಂದಿಗೇ ಬಂದದ್ದು ಎಂದು ಮೂಲಾರ್ಥ. ನಮ್ಮ 'ನಿಜ'ವೂ ಹಾಗೆಯೇ ನೋಡಿ. ಸಂಸ್ಕೃತದಲ್ಲಿ ನಿಜವೆಂದರೆ ಜೊತೆಯಲ್ಲೇ ಹುಟ್ಟಿದ್ದು, ತನ್ನದು. ಅದರೊಳಗಿನ 'ಜ', ಇಂಗ್ಲಿಷಿನ 'ಜೆನ್' ಒಂದೇ ಬೇರಿನವು. ಅರಬ್ಬಿಯಿಂದ ಬಂದ ಅಸಲಿಯಾದರೂ ಬೇರೆಯೇ? ಅಸಲ್ ಎಂದರೆ ಬೇರು, ಮೂಲ. ಎಲ್ಲ ಭಾಷೆಗಳೂ ಸೇರಿ ಆ ಹೆಂಗಸಿನ ಪಕ್ಷ ವಹಿಸಿದಂತೆ ಕಂಡು ಸಿಟ್ಟೇ ಬಂತು.

ಆದರೆ ಇನ್ನೊಂದು ಕತೆಯೂ ಇದೆ. ಲ್ಯಾಟಿನ್ನಿನಲ್ಲಿ ಗೆನು ಎಂದರೆ ಮೊಣಕಾಲು. ತಂದೆಯಾದವನು ಎಳೆಗೂಸನ್ನು ಮೊಣಕಾಲ ಮೇಲೆ ಕೂರಿಸಿಕೊಂಡರೆ ತನ್ನದೆಂದು ಒಪ್ಪಿಕೊಂಡಂತೆ. ಪದ ಬಂದದ್ದು ಅದರಿಂದ ಎನ್ನುವವರಿದ್ದಾರೆ. ಹೆಚ್ಚಿನ ವಿದ್ವಾಂಸರು ಹುಟ್ಟಿನ ಅರ್ಥವನ್ನೇ ಹಿಡಿಯುತ್ತಾರೆ. ಹಿಡಿಯಲಿ. ಬೆಳಗಿನ ಬಚ್ಚಲನ್ನು ನೆನೆದು ನನಗಂತೂ ಮೊಣಕಾಲೇ ಹಿತವೆನಿಸಿತು.

ಅಥೆಂಟಿಕ್ ಗ್ರೀಕರದು. ತನ್ನ ಕೈಯಾರೆ, ತನ್ನ ಅಧಿಕಾರದಿಂದ ಮಾಡಿದವನು ಎಂಬ ಪದದಿಂದ ಹುಟ್ಟಿದ್ದು. (ಕೈಯಾರೆ ಕೊಂದವನನ್ನೂ ಅವರು ಅದೇ ಪದದಿಂದ ಕರೆಯುತ್ತಿದ್ದರಂತೆ!) ಇಲ್ಲಿ ಹುಟ್ಟಿನ ಸುದ್ದಿಯೇ ಇಲ್ಲ. ಆದರೂ ನನಗೆ ಪೂರಾ ಸಮಾಧಾನವಾಗಲಿಲ್ಲ. 1987ರಲ್ಲಿ ಆ ತಬ್ಬಲಿ ಕೂಸನ್ನು ಅದರ ಅಪ್ಪ ನಮ್ಮ ಯಜಮಾನರ ಕೈಗೆ ಕೊಟ್ಟರು. 1956ರ ಹಿಂದೂ ದತ್ತಕ ಕಾಯಿದೆಯ ಪ್ರಕಾರ ಹೋಮ ಕಡ್ಡಾಯವಲ್ಲ. ಮಗುವನ್ನು ಕೊಡುವುದು, ತೆಗೆದುಕೊಳ್ಳುವುದು ಕಡ್ಡಾಯ. ತೆಗೆದುಕೊಳ್ಳುವ ಅಧಿಕಾರ ಗಂಡನದು, ಹೆಂಡತಿಯದು ಒಪ್ಪಿಗೆ ಮಾತ್ರ. 2010ರ ತಿದ್ದುಪಡಿ ಬರುವವರೆಗೂ ಹಾಗೇ ಇತ್ತು. ಪತ್ರದಲ್ಲಿ ನನ್ನ ರುಜು ಕೆಳಗೆ, ಒಪ್ಪಿದವಳಾಗಿ. ರಾತ್ರಿಯಿಡೀ ಎದ್ದು ಹಾಲು ಕುಡಿಸಿದ್ದಕ್ಕೆ ಯಾವ ಪತ್ರದಲ್ಲೂ ಜಾಗವಿರಲಿಲ್ಲ.

ಕೊನೆಗೆ ನನ್ನನ್ನು ಕುಟುಕಿದವರು ರಿಚರ್ಡ್ ವಾಟ್ಸನ್ ಎಂಬ ಬಿಷಪ್ಪರು. 1796ರಲ್ಲಿ ಅವರು ಎರಡು ಪದಗಳನ್ನೂ ಬಿಡಿಸಿಟ್ಟರು: ಯಾರ ಹೆಸರಿದೆಯೋ ಅವರೇ ಬರೆದ ಪುಸ್ತಕ ಜೆನ್ಯುಯಿನ್, ನಡೆದದ್ದನ್ನು ನಡೆದಂತೆ ಹೇಳುವ ಪುಸ್ತಕ ಅಥೆಂಟಿಕ್. ಒಂದಿದ್ದು ಇನ್ನೊಂದು ಇಲ್ಲದಿರಬಹುದು. ಮಗಳಿಗೆ ಆರೇಳು ವರ್ಷವಾಗಿದ್ದಾಗ, "ನಾನು ಹೊಟ್ಟೆಯಲ್ಲಿದ್ದಾಗ ನಿನಗೆ ಏನು ತಿನ್ನಬೇಕು ಅನ್ನಿಸುತ್ತಿತ್ತು?" ಎಂದು ಕೇಳಿದ್ದಳು. ಹುಣಸೆಕಾಯಿ ಎಂದುಬಿಟ್ಟಿದ್ದೆ. ಅದು ನನ್ನ ಅತ್ತಿಗೆಯ ಬಯಕೆ. ನಿಜ ಹೇಳುವ ಹೊತ್ತಿಗೆ ಅವಳಿಗೆ ಹನ್ನೆರಡು. ಆಗ ಅವಳು ಮೊದಲು ಕೇಳಿದ್ದು ಹೆತ್ತವಳ ವಿಷಯವನ್ನಲ್ಲ. "ಹಾಗಾದರೆ ಹುಣಸೆಕಾಯಿ?" ಎಂದಿದ್ದಳು.

ಮರುದಿನ ಬೆಳಿಗ್ಗೆ ಬಚ್ಚಲಿಗೆ ಬಂದವಳು, "ನಿನ್ನೆ ಅವರಿಗೆ ಯಾಕೆ ಉತ್ತರ ಕೊಡಲಿಲ್ಲ?" ಎಂದಳು.

"ಏನು ಹೇಳಬೇಕಿತ್ತು?"

"ಎಂಟು ತಿಂಗಳ ಮಗುವಾಗಿದ್ದಾಗ ತಂದೆ, ಸಾಕಿದೆ, ಅಂತ. ನಡೆದದ್ದು ಅದೇ ತಾನೆ?"

ನಾನು ಕಾಲು ನೀಡಿದೆ. ಮಗುವನ್ನು ಮಲಗಿಸುತ್ತ, "ಇವನಿಗೆ ಮಾತ್ರ ಹುಣಸೆಕಾಯಿ ಕತೆ ಹೇಳಬೇಡ" ಎಂದು ನಕ್ಕು, ಎಣ್ಣೆ ಬಟ್ಟಲು ತರಲು ಹೋದಳು.